ಕೋಟೆ ದೇಶದ ಗೋಡೆಯ ಮೇಲೆ ಒಂದು ಕೈ

ಸಿಟ್ಟು ನನಗೆ ಒಗ್ಗುವುದಿಲ್ಲ. ಸಿಟ್ಟು ಬಂದರೆ ಬಿಕ್ಕಳಿಕೆ ಶುರುವಾಗುತ್ತದೆ. ಬಿಕ್ಕಳಿಸುತ್ತ ನ್ಯಾಯ ಕೇಳುವ ಮುದುಕಿಯನ್ನು ಯಾರು ತಾನೆ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ? ಅದಕ್ಕೇ ಇಷ್ಟು ವರ್ಷ ಎಲ್ಲವನ್ನೂ ನುಂಗಿಕೊಂಡು ಬಂದೆ. ಸುಗುಣಾಬಾಯಿಯ ವಿಷಯದಲ್ಲಿ ಮಾತ್ರ ನುಂಗಲು ಆಗಲಿಲ್ಲ.

ನಮ್ಮೂರಿನಲ್ಲಿ ಬೀದಿಗೆ ದೇಶ ಎನ್ನುತ್ತಾರೆ. ನಮ್ಮದು ಬಾವಿ ದೇಶ. ಮಾರುಕಟ್ಟೆಯ ಕಡೆಯದು ಸಂತೆ ದೇಶ, ದಿಬ್ಬದ ಮೇಲಿನದು ಕೋಟೆ ದೇಶ. ಕೊತ್ತಂಬರಿ ಸೊಪ್ಪು ತರಲು ಹೊರಟರೂ 'ಪರದೇಶಕ್ಕೆ ಹೋಗಿ ಬರ್ತೀನಿ, ಹಾಲು ನೋಡ್ಕೊಳ್ಳಿ' ಎಂದು ಪಕ್ಕದ ಮನೆಗೆ ಹೇಳಿ ಹೊರಡುತ್ತೇವೆ. ಟಾಕೀಸು ಮಾತ್ರ ಒಂದೇ, ಮೂರೂ ಗಡಿ ಕೂಡುವ ಕಡೆ. ಅಲ್ಲಿಗೆ ಬರುವ ಸಿನಿಮಾ ಡಬ್ಬಿಗೆ ಹೆಸರಿರುವುದಿಲ್ಲ. ಹೆಸರಿಡುವುದು, ಗೋಡೆಯ ಮೇಲೆ ಪೋಸ್ಟರು ಬರೆಸುವುದು ಆಯಾ ದೇಶದ ಗೋಡೆ ಪಂಚಾಯ್ತಿಯ ಕೆಲಸ. ನಮ್ಮ ಗೋಡೆಯಲ್ಲಿ 'ಹೆತ್ತ ಕರುಳಿನ ಕೂಗು' ಆಗಿ ನಿಂತ ಸಿನಿಮಾ ಸಂತೆ ದೇಶದಲ್ಲಿ 'ಮಾವ ಮಂಚ ಮುರಿದ' ಆಗಿರುತ್ತದೆ, ಕೋಟೆ ದೇಶದಲ್ಲಿ 'ರಕ್ತದ ಬಾಕಿ' ಆಗಿರುತ್ತದೆ. ನಮ್ಮವರು ಅಳುತ್ತಾರೆ, ಅವರು ನಗುತ್ತಾರೆ, ಇವರು ಮುಷ್ಟಿ ಬಿಗಿದು ಕೂತಿರುತ್ತಾರೆ. ಎಲ್ಲರೂ ಒಂದೇ ಬೆಂಚಿನ ಮೇಲೆ, ಒಂದೇ ಕಡಲೆಕಾಯಿ ಪೊಟ್ಟಣ ಹಂಚಿಕೊಳ್ಳುತ್ತ. ಪಕ್ಕದವರು ಯಾಕೆ ಅಳುತ್ತಿದ್ದಾರೆ ಎಂದು ಕೇಳಬಾರದು, ಕರವಸ್ತ್ರ ಕೊಟ್ಟು ಸುಮ್ಮನಿರಬೇಕು. ಮಕ್ಕಳಿಗೆ ನಾವು ಹೇಳಿಕೊಡುವ ಮೊದಲ ಮರ್ಯಾದೆ ಅದು.

ಇನ್ನೊಂದು ವಿಷಯ. ನಮ್ಮ ದೇಶದ ಗೋಡೆಯ ಮೇಲೆ ಯಾರಿದ್ದಾರೋ ಅವರಷ್ಟೇ ನಮಗೆ ತೆರೆಯ ಮೇಲೆ ಕಾಣುತ್ತಾರೆ. ಗೋಡೆಯಲ್ಲಿ ಇಲ್ಲದವರು ಕಾಣುವುದಿಲ್ಲ, ಅವರ ಮಾತೂ ಕೇಳುವುದಿಲ್ಲ. ಗೋಡೆಯಲ್ಲಿ ಹೇಗಿದ್ದಾರೋ ಹಾಗೇ ಕಾಣುತ್ತಾರೆ. ಒಮ್ಮೆ ಪೇಂಟರ್ ದಸ್ತಗೀರ್ ಅವಸರದಲ್ಲಿ ನಾಯಕಿಯ ಮೂಗುತಿಯನ್ನು ಬಲಗಡೆ ಬರೆಯುವ ಬದಲು ಎಡಗಡೆ ಬರೆದುಬಿಟ್ಟ. ಇಡೀ ಸಂತೆ ದೇಶಕ್ಕೆ ಎಡಗಡೆಯೇ ಕಂಡಿತು. ಮೂರೂ ದೇಶಕ್ಕೆ ಬರೆಯುವವನು ದಸ್ತಗೀರನೇ, ಮೂರು ಪಂಚಾಯ್ತಿಯವರು ಹೇಳಿದ ಹಾಗೆ.

ನಮ್ಮ ಪಂಚಾಯ್ತಿಯವರು ಯಾರನ್ನೂ ಬಿಡುವುದಿಲ್ಲ. ನೀರು ತರುವವಳಿಂದ ಹಿಡಿದು ಬಾಗಿಲು ತೆರೆಯುವವನ ತನಕ ಎಲ್ಲರನ್ನೂ ತುರುಕಿಸುತ್ತಾರೆ, ನಮ್ಮ ಪೋಸ್ಟರುಗಳು ಮದುವೆ ಮನೆಯ ಗ್ರೂಪ್ ಫೋಟೋದ ಹಾಗಿರುತ್ತವೆ. ಚೆಂದವಾಗಿರುತ್ತವೆ ಎಂದು ನಾನು ವಾದಿಸುವುದಿಲ್ಲ. ಕೋಟೆ ದೇಶದವರು ಇದನ್ನು ನೋಡಿ ನಗುತ್ತಾರೆ. 'ಬಾವಿ ದೇಶದವರು ನೆಂಟರನ್ನೆಲ್ಲ ಗೋಡೆ ಮೇಲೆ ಬರೆಸ್ಕೊಂಡು ಸಿನಿಮಾಗೆ ಸೇರಿಸ್ತಾರೆ' ಎನ್ನುತ್ತಾರೆ. ತಾವು ನೋಡುವುದೇ ನಿಜವಾದ ಸಿನಿಮಾ ಎಂದು ಪ್ರತಿ ದೇಶಕ್ಕೂ ನಂಬಿಕೆ. ನಮಗೂ ಇದೆ.

ಸುಗುಣಾಬಾಯಿ ನನ್ನ ಪಕ್ಕದ ಮನೆಯವಳು. ವಯಸ್ಸಿನಲ್ಲಿ ನಾಟಕ ಕಂಪನಿಯ ಜೊತೆ ಹೋಗಿ, ಒಂದೇ ಒಂದು ಸಿನಿಮಾದಲ್ಲಿ ಪಾರ್ಟು ಮಾಡಿ ಬಂದವಳು. ದಿಕ್ಕಿಲ್ಲದ ಹುಡುಗನೊಬ್ಬನನ್ನು ಸಾಕಿ ದೊಡ್ಡವನನ್ನಾಗಿ ಮಾಡುವ ತಾಯಿಯ ಪಾರ್ಟು. ಸಾಕುಮಗನಾಗಿ ಮಾಡಿದವನು ಅವಳಿಗಿಂತ ದೊಡ್ಡವನಂತೆ, ಇವಳ ತಲೆಗೆ ಬಿಳಿ ಬಣ್ಣ ಬಳಿದರಂತೆ. ನಮ್ಮ ಗೋಡೆಯಲ್ಲಿ ಆ ಸಿನಿಮಾದ ಹೆಸರು 'ತಣ್ಣಗಾದ ಅನ್ನ'. ಮಗ ಬರಲಿ ಎಂದು ಅವಳು ಅನ್ನ ಮುಚ್ಚಿಟ್ಟು ಕಾಯುವುದೇ ಸಿನಿಮಾದ ತುಂಬ. ಕೋಟೆ ದೇಶದಲ್ಲಿ ಅದಕ್ಕೆ 'ಬಿಳಿ ಕುದುರೆಯ ಸರದಾರ' ಎಂದು ಹೆಸರು. ಕುದುರೆ ಬರುವುದು ಒಂದು ಹಾಡಿನಲ್ಲಿ, ಅದೂ ದೂರದಲ್ಲಿ. ಆದರೆ ಅವರ ಗೋಡೆಯ ತುಂಬ ಕುದುರೆ, ಮೇಲೆ ನಾಯಕ. ತಾಯಿ ಇಲ್ಲ. ಅವರ ಕಣ್ಣಿಗೆ ನಾಯಕ ಖಾಲಿ ಮನೆಗೆ ಬರುತ್ತಾನೆ, ಗಾಳಿಯ ಜೊತೆ ಮಾತಾಡುತ್ತಾನೆ, ಅನ್ನದ ತಟ್ಟೆ ತಾನಾಗಿ ಮುಂದೆ ಬಂದು ಕೂರುತ್ತದೆ. 'ಆ ಕಾಲಕ್ಕೇ ಎಂಥ ಟ್ರಿಕ್ಕು, ಎಂಥ ಆ್ಯಕ್ಟಿಂಗು' ಎಂದು ಮೆಚ್ಚುತ್ತಾರೆ. ಹೆಂಗಸೊಬ್ಬಳು ಮಾಯವಾದರೂ ತಟ್ಟೆಗೆ ಅನ್ನ ಬರುತ್ತಿರುವುದು ಅವರಿಗೆ ವಿಚಿತ್ರ ಅನ್ನಿಸಲೇ ಇಲ್ಲ ಎನ್ನುವುದೇ ನನಗೆ ವಿಚಿತ್ರ.

ಸುಗುಣಾಬಾಯಿಯ ಒಬ್ಬಳೇ ಮಗಳು ವಾಸಂತಿಯನ್ನು ಕೋಟೆ ದೇಶಕ್ಕೆ ಕೊಟ್ಟಿದೆ. ಅವಳು ಚಿಕ್ಕವಳಿದ್ದಷ್ಟು ಕಾಲ ಆ ಡಬ್ಬಿ ನಮ್ಮೂರಿಗೆ ಬರಲಿಲ್ಲ. ಮದುವೆಯಾಗಿ ಹೋದ ಮೇಲೆ ಬಂತು. ಕೂಸು ಎತ್ತಿಕೊಂಡು ಅತ್ತೆಮನೆಯವರ ಜೊತೆ ನೋಡಲು ಬಂದಳು. ಅಮ್ಮ ಎಲ್ಲೂ ಇಲ್ಲ. ಯಾವ ದೇಶದ ಒಲೆಯಲ್ಲಿ ಬೆಂದದ್ದನ್ನು ದಿನಾ ಉಣ್ಣುತ್ತೇವೋ ಕಣ್ಣೂ ಆ ದೇಶದ್ದೇ ಆಗಿಬಿಡುತ್ತದೆ, ತವರಿಗೆ ಬಂದು ನಾಲ್ಕು ದಿನ ಉಂಡರೆ ಬದಲಾಗುವುದಿಲ್ಲ. ಅವತ್ತಿನಿಂದ ವಾಸಂತಿಯ ಅತ್ತೆ ನಂಜಮ್ಮಣ್ಣಿಯವರಿಗೆ ಮಾತು ಸಿಕ್ಕಿತು. ಸಾರಿಗೆ ಉಪ್ಪು ಹೆಚ್ಚಾದರೆ 'ಸಿನಿಮಾದವರ ಮಗಳಲ್ವಾ, ಕೈ ದೊಡ್ಡದು' ಎನ್ನುವರು. ನೆಂಟರು ಬಂದರೆ 'ನಮ್ಮ ಬೀಗಿತ್ತಿ ದೊಡ್ಡ ಸ್ಟಾರು, ಕಾಣಿಸೋದಿಲ್ಲ ಅಷ್ಟೇ' ಎನ್ನುವರು. ವಾಸಂತಿ ಒಂದು ಸಲ ನನ್ನ ಹತ್ತಿರ, 'ದೊಡ್ಡಮ್ಮ, ನೀವು ನಿಜ ಹೇಳಿ. ಅಮ್ಮ ಮಾಡಿದ್ರಾ, ಅಥವಾ ಇಲ್ಲಿ ಬಾವಿ ದೇಶದ ಗೋಡೇಲಿ ಸುಮ್ನೆ ಬರ್ಸಿದ್ರಾ?' ಎಂದು ಕೇಳಿದಳು. ಅವತ್ತು ಬಂದ ಬಿಕ್ಕಳಿಕೆ ಸಂಜೆಯ ತನಕ ನಿಲ್ಲಲಿಲ್ಲ. ಮಗಳು ಹೀಗೆ ಕೇಳಿದಳು ಎಂದು ಸುಗುಣಾಬಾಯಿಗೆ ನಾನು ಹೇಳಲಿಲ್ಲ. ಆದರೂ ಅವಳಿಗೆ ಗೊತ್ತಿತ್ತು.

ಈ ವರ್ಷ ಆ ಡಬ್ಬಿ ಮತ್ತೆ ಬಂತು. ರೀಲು ಸವೆದು ಹೋಗಿದೆ, ಈ ವಾರ ಓಡಿಸಿದರೆ ಮುಗಿಯಿತು, ಇನ್ನು ಬರುವುದಿಲ್ಲ ಎಂದು ಟಾಕೀಸಿನವರು ಹೇಳಿ ಕಳಿಸಿದರು. ಸುಗುಣಾಬಾಯಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

'ವಾರಿಜಾ, ನನಗೆ ಹೆಸರು ಬೇಡ ಕಣೆ. ಅವಳು ಒಂದ್ಸಲ ನೋಡ್ಲಿ. ನಮ್ಮಮ್ಮ ಸುಳ್ಳು ಹೇಳಿಲ್ಲ ಅಂತ ಅವಳ ಕಣ್ಣಿಗೆ ಬೀಳ್ಲಿ. ಅಷ್ಟು ಸಾಕು.'

ನಾನು ಬಿ.ಎ. ಓದಿದವಳು. ನಮ್ಮ ದೇಶದಲ್ಲಿ ಯಾರದ್ದಾದರೂ ಪರವಾಗಿ ಮಾತಾಡಬೇಕಾದರೆ ನನ್ನನ್ನು ಕಳಿಸುವುದು ವಾಡಿಕೆ. ಮೊದಲು ದಸ್ತಗೀರನ ಷೆಡ್ಡಿಗೆ ಹೋದೆ. ಅವನು ಕುದುರೆಯ ಬಾಲಕ್ಕೆ ಬಿಳಿ ಬಣ್ಣ ಕಲಸುತ್ತಿದ್ದ. ನನ್ನನ್ನು ನೋಡಿ, ಬಣ್ಣದ ವಾಸನೆಗೆ ನನಗೆ ತಲೆ ಸುತ್ತುತ್ತದೆ ಎಂದು ನೆನಪಿಟ್ಟುಕೊಂಡು, ಸ್ಟೂಲನ್ನು ಹೊರಗೆ ಬೇವಿನ ಮರದ ಕೆಳಗೆ ತಂದು ಹಾಕಿದ.

'ನನ್ನ ಕೈಲೇನಿದೆ ಅಮ್ಮಾ. ಕುದುರೆ ಅಂದ್ರು, ಕುದುರೆ ಬರ್ದೆ. ಇನ್ನೂ ದೊಡ್ಡದು ಅಂದ್ರು, ದೊಡ್ಡದು ಮಾಡ್ದೆ. ಈಗ ಅದರ ಹೊಟ್ಟೆ ನಮ್ಮನೆಗಿಂತ ಅಗಲ ಇದೆ. ನೀವು ಮರಿಮಲ್ಲಪ್ಪನವ್ರನ್ನ ಕೇಳಿ, ಅವ್ರು ಹೂಂ ಅಂದ್ರೆ ಅಕ್ಕನ್ನ ನಾನು ರಾಣಿ ಹಂಗೆ ಬರೀತೀನಿ.'

ಮರಿಮಲ್ಲಪ್ಪನವರು ಕೋಟೆ ದೇಶದ ಗೋಡೆ ಪಂಚಾಯ್ತಿಯ ಯಜಮಾನರು, ಅಕ್ಕಿ ಗಿರಣಿಯವರು. ಒಳ್ಳೆಯವರು ಎನ್ನುವುದೇ ನನ್ನ ದೊಡ್ಡ ಕಷ್ಟ. ನಾನು ಜಗಲಿ ಹತ್ತುವ ಮುಂಚೆ ಎದ್ದು ನಿಂತರು, ಬಿಸಿಲು ಬೀಳುತ್ತಿದ್ದ ಕುರ್ಚಿಯನ್ನು ತಾವೇ ಎಳೆದು ನೆರಳಿಗೆ ಹಾಕಿದರು, ಮಜ್ಜಿಗೆ ತರಿಸಿದರು. ಕರಿಬೇವು, ಇಂಗು, ಎಲ್ಲ ಹದವಾಗಿತ್ತು. ಮಜ್ಜಿಗೆ ಕೊಟ್ಟು ಮನುಷ್ಯರನ್ನು ಅಳಿಸುವವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು.

'ನೋಡಿ ಅಮ್ಮಾವ್ರೇ,' ಎಂದರು ಮರಿಮಲ್ಲಪ್ಪ. 'ನಿಮ್ಮ ದೇಶದ ರುಚಿ ನಿಮಗೆ, ನಮ್ಮ ರುಚಿ ನಮಗೆ. ಬಾವಿ ದೇಶದವ್ರು ಅಳಕ್ಕೆ ಬರ್ತಾರೆ. ನಮ್ಮ ಜನ ಕುದುರೆ ನೋಡಕ್ಕೆ ಬರ್ತಾರೆ. ತಲೆ ನರೆತ ಹೆಂಗಸನ್ನ ಗೋಡೆ ಮೇಲೆ ಹಾಕಿದ್ರೆ ಯಾರು ಬರ್ತಾರೆ ಹೇಳಿ. ಮನೇಲೇ ಇರ್ತಾರಲ್ಲ.'

'ಮನೆಯಲ್ಲಿ ಇರೋರನ್ನ ನೀವು ನೋಡ್ತೀರಾ?' ಎಂದೆ.

'ಅದೆಲ್ಲ ಓದಿದವ್ರ ಮಾತು,' ಎಂದು ನಕ್ಕರು. 'ಪೋಸ್ಟರು ಅಂದ್ರೆ ಎಲ್ಲರನ್ನೂ ಕರೆದು ಎಲೆ ಹಾಕೋ ಪಂಕ್ತಿ ಅಲ್ಲ. ಬೇಕಾದವ್ರನ್ನ ಇಡೋದು, ಬೇಡದವ್ರನ್ನ ಬಿಡೋದು.'

'ಬೇಡದವಳು ಬಡಿಸಿದ ಅನ್ನ ನಿಮ್ಮ ಸರದಾರ ಸಿನಿಮಾ ಪೂರ್ತಿ ಉಣ್ತಾನಲ್ಲ, ಅದು...' ಎನ್ನುವಷ್ಟರಲ್ಲಿ ಬಿಕ್ಕಳಿಕೆ ಬಂತು. ಮುಂದಿನ ಮಾತೂ ಬಿಕ್ಕಳಿಕೆ. ಅದರ ಮುಂದಿನದೂ. ಪಂಚಾಯ್ತಿಯ ಉಳಿದವರು ಮೀಸೆಯಡಿ ನಗುತ್ತಿದ್ದರು. ಮರಿಮಲ್ಲಪ್ಪನವರು ಮಾತ್ರ ನಗದೆ ಒಳಗೆ ಹೋಗಿ ಒಂದು ಚಮಚ ಸಕ್ಕರೆ ತಂದು, 'ನಾಲಗೆ ಮೇಲೆ ಇಟ್ಕೊಂಡು ಕರಗಿಸಿ' ಎಂದರು. ನಿಂತಿತು. ಸಕ್ಕರೆ ತಿಂದ ಬಾಯಿಂದ ಬೈಯುವುದು ಹೇಗೆ? ಎದ್ದು ನಿಂತೆ. ಪಾಪ ಎನ್ನಿಸಿತೋ ಏನೋ, ಮೆಟ್ಟಿಲ ತನಕ ಬಂದು ಹೇಳಿದರು:

'ಕುದುರೆ ಹೊಟ್ಟೆ ಕೆಳಗೆ ಒಂದು ಗೇಣು ಜಾಗ ಖಾಲಿ ಇದೆ. ಮುಖ ಮಾತ್ರ ಬೇಡ. ಮುಖ ಬಿಟ್ಟು ಏನಾದ್ರೂ ಹಾಕಿಸ್ಕೊಳ್ಳಿ. ನಿಮ್ಮ ಮಾತಿಗೆ ಅಷ್ಟು.'

ದಾರಿಯುದ್ದಕ್ಕೂ ನನಗೆ ಮೈಯೆಲ್ಲ ಉರಿ. ಮುಖ ಮಾತ್ರ ಬೇಡ. ಒಬ್ಬಳು ಮನುಷ್ಯಳಿಗೆ ಕುದುರೆಯ ಹೊಟ್ಟೆಯ ಕೆಳಗೆ ಒಂದು ಗೇಣು, ಅದೂ ಮುಖ ಬಿಟ್ಟು. ಇದನ್ನು ಔದಾರ್ಯ ಎಂದುಕೊಂಡು ಆ ಮನುಷ್ಯ ಅವತ್ತು ನೆಮ್ಮದಿಯಾಗಿ ಮಲಗಿರುತ್ತಾರೆ. ಬೇಡ, ಈ ಭಿಕ್ಷೆ ತಿರುಗಿಸಿ ಅವರ ಮುಖಕ್ಕೇ ಎಸೆಯೋಣ ಎಂದು ಸುಗುಣಾಬಾಯಿಗೆ ಹೇಳಿದೆ. ಅವಳು ಬಹಳ ಹೊತ್ತು ತನ್ನ ಬಲಗೈ ನೋಡಿಕೊಂಡಳು. ಅವಳ ಕಿರುಬೆರಳು ಹುಟ್ಟಿನಿಂದಲೇ ಬಾಗಿದೆ, ಉಂಗುರದ ಬೆರಳಿನ ಮೇಲೆ ಒರಗಿಕೊಂಡು ಮಲಗಿದ ಹಾಗಿದೆ. ವಾಸಂತಿಯದೂ ಹಾಗೇ. ಹೆಣ್ಣು ನೋಡಲು ಬಂದಾಗ ನಂಜಮ್ಮಣ್ಣಿಯವರು ಆ ಬೆರಳನ್ನು ಎಳೆದು ನೋಡಿದ್ದರು, ನೆಟ್ಟಗಾಗುತ್ತದೇನೋ ಎಂಬಂತೆ.

'ಕೈ ಬರೀಲಿ,' ಎಂದಳು ಸುಗುಣಾಬಾಯಿ. 'ಆ ಸಿನಿಮಾದಲ್ಲಿ ನಾನು ಇನ್ನೇನು ಮಾಡ್ದೆ. ಬಡಿಸ್ದೆ, ಒರೆಸ್ದೆ, ತಲೆ ನೇವರಿಸ್ದೆ.'

ದಸ್ತಗೀರ್ ಸುಗುಣಾಬಾಯಿಯ ಮನೆಗೇ ಬಂದ. ಅವಳ ಕೈಯನ್ನು ಬಾಗಿಲ ಬೆಳಕಿನಲ್ಲಿ ಇಡಿಸಿ ನೋಡಿಕೊಂಡು ಬರೆದ. ಸುಕ್ಕು ಬಿಟ್ಟುಬಿಡಲೇ ಎಂದು ಕೇಳಿದ, ಬಿಡು ಎಂದಳು. ಬೆರಳು ನೆಟ್ಟಗೆ ಮಾಡಲೇ ಎಂದು ಕೇಳಿದ. 'ಅದನ್ನ ಮುಟ್ಟಿದ್ರೆ ನೋಡು' ಎಂದಳು. ಗೋಡೆಯ ಮೇಲೆ ಬರೆಯುವಾಗ ಅವನು ಒಂದು ಗೇಣಿನ ಜಾಗದಲ್ಲಿ ಎರಡು ಗೇಣಿನ ಕೈ ಕೂರಿಸಿದ. ಅದಕ್ಕಾಗಿ ಕುದುರೆಯ ಹೊಟ್ಟೆಯನ್ನು ಸ್ವಲ್ಪ ಒಳಗೆ ತಳ್ಳಿದನಂತೆ. 'ಉಪವಾಸದ ಕುದುರೆ ಅನ್ಕೊಳ್ಳಲಿ ಬಿಡಿ' ಎಂದ.

ಮೊದಲ ದಿನದ ಮಧ್ಯಾಹ್ನದ ಆಟಕ್ಕೆ ಹೋದೆವು. ನನ್ನ ಎಡಕ್ಕೆ ಸುಗುಣಾಬಾಯಿ, ಬಲಕ್ಕೆ ವಾಸಂತಿ, ಅವಳ ಆಚೆ ನಂಜಮ್ಮಣ್ಣಿ. ನಂಜಮ್ಮಣ್ಣಿಯವರು ಕೂರುತ್ತಲೇ, 'ಬೀಗಿತ್ತಿ ಬಂದವ್ರೆ, ಇವತ್ತಾದ್ರೂ ದರ್ಶನ ಕೊಡ್ತಾರೋ' ಎಂದರು. ಸುಗುಣಾಬಾಯಿ ಕೇಳಿಸಿಕೊಳ್ಳದವಳಂತೆ ಅವರಿಗೆ ಎಲೆ ಅಡಿಕೆ ಮುಂದೆ ಮಾಡಿದಳು.

ನನಗೆ ಕಂಡದ್ದು ಪೂರ್ತಿ ಸುಗುಣಾಬಾಯಿ. ಬಳಿದ ಬಿಳಿ ಕೂದಲು, ಅದರ ಕೆಳಗೆ ಮುಚ್ಚಿಡಲಾಗದ ಹರೆಯ, ದೊಡ್ಡ ಕಣ್ಣು. ಆದರೆ ನಾನು ತೆರೆ ನೋಡಿದ್ದು ಕಡಿಮೆ, ವಾಸಂತಿಯ ಮುಖ ನೋಡಿದ್ದು ಹೆಚ್ಚು. ಮಳೆಯಲ್ಲಿ ನೆನೆದು ಮಗ ಮನೆಗೆ ಬರುವ ದೃಶ್ಯ ಬಂತು. ತಾಯಿ ಅವನನ್ನು ಮಣೆಯ ಮೇಲೆ ಕೂರಿಸಿ ತಲೆ ಒರೆಸುತ್ತಾಳೆ. ವಾಸಂತಿ ಬೆಂಚಿನ ತುದಿಗೆ ಸರಿದು ಕೂತಳು. ಹಾಲ್‌ನಲ್ಲಿ ಅಲ್ಲಲ್ಲಿ ಕೋಟೆ ದೇಶದವರ ಪಿಸುಮಾತು ಎದ್ದಿತು. ಅವರಿಗೆ ಕಂಡದ್ದು ಒಂದು ಕೈ. ಎಲ್ಲಿಂದಲೋ ಬಂದು ಸೌಟು ಹಿಡಿಯಿತು, ಅನ್ನ ಬಡಿಸಿತು, ಬಿದ್ದ ಅಗುಳು ಎತ್ತಿತು, ನಾಯಕನ ಕೆನ್ನೆ ಒರೆಸಿತು. ಕೆಲಸವಿಲ್ಲದಾಗ ಸುಮ್ಮನೆ ಗಾಳಿಯಲ್ಲಿ ಕಾಯುತ್ತ ನಿಂತಿತು. ಮಾತಿಲ್ಲ, ಕೈಯಷ್ಟೇ.

'ಯಾರ ಕೈಯೋ ಅದು?' ಎಂದ ಹಿಂದಿನ ಸಾಲಿನವನು.

'ಸರದಾರನ ಅದೃಷ್ಟ ಇರಬೇಕು,' ಎಂದ ಅವನ ಜೊತೆಗಾರ.

'ಅದೃಷ್ಟಕ್ಕೆ ಸೊಟ್ಟ ಬೆರಳಾ?'

ಯಾರೋ ನಕ್ಕರು. ನನಗೆ ಬಿಕ್ಕಳಿಕೆ ಏಳುತ್ತಿತ್ತು, ಎದ್ದು ನಿಂತು ಬೈಯಲು ಹೊರಟಿದ್ದೆ. ನನಗಿಂತ ಮುಂಚೆ ವಾಸಂತಿ ಎದ್ದಳು. ತನ್ನ ಬಲಗೈಯನ್ನು ಮೇಲೆತ್ತಿ ಹಿಡಿದಳು. ಹಿಂದಿನಿಂದ ಬರುವ ಬೆಳಕಿಗೆ ಅದು ಅಡ್ಡವಾಯಿತು. ತೆರೆಯ ಮೇಲೆ ದೊಡ್ಡದಾಗಿ ನೆರಳು ಬಿತ್ತು, ಬಾಗಿದ ಕಿರುಬೆರಳು ಉಂಗುರದ ಬೆರಳಿಗೆ ಒರಗಿಕೊಂಡ ನೆರಳು. ಅದರ ಪಕ್ಕದಲ್ಲೇ ನಾಯಕನ ತಲೆ ನೇವರಿಸುತ್ತಿದ್ದ ಅದೇ ಕೈ. ನೆರಳಿಗೆ ಯಾವ ಪಂಚಾಯ್ತಿಯ ಅಪ್ಪಣೆಯೂ ಬೇಕಿರಲಿಲ್ಲ. ಮೂರು ದೇಶಕ್ಕೂ ಒಂದೇ ಸಮನೆ ಕಂಡಿತು. ಬೇರೆ ದಿನವಾಗಿದ್ದರೆ 'ಕೈ ಇಳಿಸೇ' ಎಂದು ಕೂಗುತ್ತಿದ್ದರು. ಅವತ್ತು ಯಾರೂ ಕೂಗಲಿಲ್ಲ.

'ನಮ್ಮಮ್ಮಂದು,' ಎಂದು ಹೇಳಿ ಕೂತಳು.

ನಂಜಮ್ಮಣ್ಣಿಯವರು ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದರು. ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದರು. ಆಟ ಬಿಟ್ಟ ಮೇಲೆ ಸುಗುಣಾಬಾಯಿಗೆ ಚಪ್ಪಲಿ ಸಿಗಲಿಲ್ಲ, ಜನ ತುಳಿದು ಎಲ್ಲೋ ತಳ್ಳಿದ್ದರು. ನಂಜಮ್ಮಣ್ಣಿಯವರು ಬಗ್ಗಿ ಹುಡುಕಿ ತಂದು ಅವಳ ಕಾಲಿನ ಮುಂದೆ ಇಟ್ಟರು.

ಇಲ್ಲಿಗೆ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮಗಳು ತಾಯಿಯನ್ನು ನೋಡಿದಳು ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ಎಲ್ಲಿ ನೋಡಿದಳು? ಒಂದು ಕೈ ನೋಡಿದಳು. ಮಣಿಕಟ್ಟಿನ ಆಚೆ ಏನೂ ಇಲ್ಲದ ಕೈ. ಮರಿಮಲ್ಲಪ್ಪನವರು ದಾರಿಯಲ್ಲಿ ಸಿಕ್ಕಿ, 'ಸಂತೋಷವಾಯ್ತಲ್ಲ ಅಮ್ಮಾವ್ರೇ' ಎಂದು ಕೈ ಮುಗಿದರು. ನಾನು ಮೊದಲ ಸಲ ಅವರಿಗೆ ತಿರುಗಿ ಕೈ ಮುಗಿಯದೆ ಹೋದೆ. ನನ್ನ ಬೆನ್ನಿಗೇ ನಾಚಿಕೆಯಾಯಿತು, ಆದರೂ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಕೋಟೆ ದೇಶದ ಗೋಡೆಯಲ್ಲಿ ಆ ಕೈಗೆ ಎರಡು ಬಳೆ ಬಂದಿದ್ದವು. ದಸ್ತಗೀರನ ಬಣ್ಣವಲ್ಲ, ಇದ್ದಿಲಿನ ಗೆರೆ. ಅದರ ಮರುದಿನ ಮೊಣಕೈ. ಯಾರು ಬರೆದರು ಎಂದರೆ ಯಾರೂ ಅಲ್ಲ. ನಲ್ಲಿಗೆ ಬಿಂದಿಗೆ ಹಿಡಿದು ಹೋಗುವ ಹೆಂಗಸರು ಗೋಡೆಯ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದರು, ಬಿಂದಿಗೆಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವವರ ಹಾಗೆ. ಒಲೆಯಿಂದ ತಂದ ಇದ್ದಿಲು ಸೆರಗಿನ ಗಂಟಿನಲ್ಲಿ ಇರುತ್ತಿತ್ತು. ಒಬ್ಬಳು ರವಿಕೆಯ ತೋಳು ಬರೆದಳು. ಇನ್ನೊಬ್ಬಳು ಅದಕ್ಕೆ ಅಂಚು ಕೊಟ್ಟಳು, ಬಹುಶಃ ತನಗೆ ಬೇಕಿದ್ದ ಅಂಚು. ಭುಜ ಬಂತು. ಸೆರಗು ಕುದುರೆಯ ಹೊಟ್ಟೆಯ ಮೇಲೆಯೇ ಹಾದುಹೋಯಿತು. ಟಾಕೀಸಿನಲ್ಲಿ ಕೋಟೆ ದೇಶದವರಿಗೆ ದಿನಕ್ಕಿಷ್ಟರಂತೆ ಹೆಂಗಸು ಬೆಳೆಯತೊಡಗಿದಳು. ಅದನ್ನು ನೋಡಲೆಂದೇ ಜನ ದಿನಾ ಬರತೊಡಗಿದರು. ಕುದುರೆಯ ಮಾತು ಯಾರೂ ಎತ್ತಲಿಲ್ಲ.

ಮರಿಮಲ್ಲಪ್ಪನವರು ದಸ್ತಗೀರನನ್ನು ಕರೆಸಿ, ಗೋಡೆಗೆ ಸುಣ್ಣ ಹೊಡೆದು ಹೊಸದಾಗಿ ಬರಿ ಎಂದರು.

'ಸುಣ್ಣ ಇನ್ನೂ ನೆನೀಬೇಕು ಯಜಮಾನ್ರೇ,' ಎಂದ ಅವನು. ಮರುದಿನ ಕೇಳಿದಾಗಲೂ ಸುಣ್ಣ ನೆನೆಯುತ್ತಿತ್ತು. ಅದರ ಮರುದಿನ ಅವನ ಕುಂಚ ಕಾಣೆಯಾಗಿತ್ತು. ನಾನು ಷೆಡ್ಡಿಗೆ ಹೋದಾಗ ಕುಂಚ ಅವನ ಕಿವಿಯ ಮೇಲೆಯೇ ಇತ್ತು.

ಕೊನೆಯ ಆಟದ ಬೆಳಿಗ್ಗೆ ಗೋಡೆಯಲ್ಲಿ ಕತ್ತಿನ ತನಕ ಹೆಂಗಸು ನಿಂತಿದ್ದಳು. ಮೇಲೆ ಖಾಲಿ. ಮುಖಕ್ಕೆ ಯಾರಿಗೂ ಧೈರ್ಯ ಬಂದಿರಲಿಲ್ಲ, ಅಷ್ಟು ಎತ್ತರಕ್ಕೆ ಕೈಯೂ ಎಟುಕುತ್ತಿರಲಿಲ್ಲ. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ವಾಸಂತಿ ಸ್ಟೂಲಿನ ಮೇಲೆ ನಿಂತಿದ್ದಳು. ಸ್ಟೂಲು ಹಿಡಿದುಕೊಂಡಿದ್ದವರು ನಂಜಮ್ಮಣ್ಣಿ. ಮರಿಮಲ್ಲಪ್ಪನವರು ಎದುರಿಗೆ ನಿಂತು, 'ಇದೇನಮ್ಮಾ, ಮುಖ ಬೇಡ ಅಂತ ಮಾತಾಗಿತ್ತು' ಎನ್ನುತ್ತಿದ್ದರು. ಅವರ ಧ್ವನಿ ಆಗಲೂ ಮೆತ್ತಗೇ ಇತ್ತು.

'ನಿಮ್ಮನೆ ಹೆಂಗಸ್ರನ್ನ ಕೇಳಿ ಆಡಿದ್ರಾ ಆ ಮಾತು?' ಎಂದರು ನಂಜಮ್ಮಣ್ಣಿ, ಸ್ಟೂಲು ಬಿಡದೆ. 'ಬರಿಯೇ, ನೀನು ಬರಿ. ಇವ್ರು ಹೇಳ್ತಿರ್ಲಿ.'

ನನಗೆ ಹೇಳಲು ಬಹಳ ಇತ್ತು. ಇತಿಹಾಸ ಓದಿದ್ದೇನೆ, ಸಾಮ್ರಾಜ್ಯಗಳ ಗೋಡೆಗಳಲ್ಲಿ ಯಾರಿದ್ದಾರೆ ಯಾರಿಲ್ಲ ಎಂಬುದರ ಮೇಲೆ ಒಂದು ಗಂಟೆ ಮಾತಾಡಬಲ್ಲೆ. ಬಾಯಿ ತೆರೆದೆ, ಬಿಕ್ಕಳಿಕೆ ಬಂತು. ಮರಿಮಲ್ಲಪ್ಪನವರು ಅಭ್ಯಾಸದಂತೆ ಸಕ್ಕರೆ ತರಲು ಮನೆಯ ಕಡೆ ಹೊರಟರು. ಅವರು ಸಕ್ಕರೆ ತಗೊಂಡು ಬರುವಷ್ಟರಲ್ಲಿ ಮುಖ ಮುಗಿದಿತ್ತು. ವಾಸಂತಿಗೆ ಚಿತ್ರ ಬರೆಯಲು ಬಾರದು. ಮೂಗು ಒಂದು ಕಡ್ಡಿ, ಬಾಯಿ ಒಂದು ಗೆರೆ. ಕಣ್ಣುಗಳಲ್ಲಿ ಒಂದು ಕಡಲೆಕಾಯಿಯಷ್ಟು, ಇನ್ನೊಂದು ಬಾದಾಮಿ ಎಲೆಯಷ್ಟು. ಮರಿಮಲ್ಲಪ್ಪನವರು ಗೋಡೆ ನೋಡಿದರು, ನನ್ನ ಕಡೆ ಚಮಚ ಚಾಚಿದರು. ನಾನು ಸಕ್ಕರೆ ತಗೊಳ್ಳಲಿಲ್ಲ. ಬಿಕ್ಕಳಿಸುತ್ತಲೇ ಹೇಳಿದೆ, 'ನಿಮ್ಮ ಮಜ್ಜಿಗೆ ಚೆನ್ನಾಗಿರುತ್ತೆ ಮರಿಮಲ್ಲಪ್ಪನವರೇ. ಅದನ್ನ ಮಾಡಿದವರು ಯಾರು ಅಂತ ನನಗೆ ಇವತ್ತಿನವರೆಗೂ ಗೊತ್ತಿಲ್ಲ. ಕರೀರಿ, ನೋಡಬೇಕು.' ಅವರು ಚಮಚ ಹಿಡಿದುಕೊಂಡೇ ನಿಂತರು.

ಆ ಮಧ್ಯಾಹ್ನ ಟಾಕೀಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಮರಿಮಲ್ಲಪ್ಪನವರೂ ಬಂದಿದ್ದರು, ಪಕ್ಕದಲ್ಲಿ ನಾನು ಎಂದೂ ನೋಡದ ಒಬ್ಬ ಸಣ್ಣ ಆಕೃತಿಯ ಹೆಂಗಸು ಕೂತಿದ್ದರು. ರೀಲು ಅಲ್ಲಲ್ಲಿ ಉರಿದು ಬಿಳಿಯಾಗುತ್ತಿತ್ತು. ಮಳೆಯಲ್ಲಿ ನೆನೆದು ಮಗ ಬಂದ. ತಾಯಿ ಬಾಗಿಲಲ್ಲಿ ನಿಂತಿದ್ದಳು. ಅನ್ನ ತಣ್ಣಗಾಯಿತಲ್ಲೋ ಎಂದಳು. ಕೋಟೆ ದೇಶದವರು ಆ ಮಾತನ್ನು ಕೇಳಿದ್ದು ಅವತ್ತೇ. ಹಿಂದಿನ ಸಾಲಿನವನು, 'ಓ, ಇವನು ಇಷ್ಟು ದಿನ ಇವರಿಗೇನಾ ಉತ್ತರ ಕೊಡ್ತಿದ್ದಿದ್ದು' ಎಂದ.

ನಾನು ವಾಸಂತಿಯ ಕಡೆ ಬಾಗಿ, 'ಕಾಣ್ತಾರಾ?' ಎಂದು ಕೇಳಿದೆ. ಕೇಳಬಾರದು, ಆದರೂ ಕೇಳಿದೆ.

'ಕಾಣ್ತಾರೆ ದೊಡ್ಡಮ್ಮ,' ಎಂದಳು. ಅವಳ ಮುಖದ ಮೇಲೆ ನೀರು ಇಳಿಯುತ್ತಿತ್ತು, ನಗುವೂ ಬರುತ್ತಿತ್ತು. 'ಒಂದು ಕಣ್ಣು ದೊಡ್ಡದು ಮಾಡಿಬಿಟ್ಟೆ.'

ಸುಗುಣಾಬಾಯಿ ತೆರೆಯಿಂದ ಕಣ್ಣು ತೆಗೆಯದೆ, ನನ್ನ ಮಡಿಲಿನ ಮೇಲಿಂದ ಕೈ ಚಾಚಿ ಮಗಳ ಕೈ ಹಿಡಿದಳು. ಎರಡು ಬಾಗಿದ ಬೆರಳುಗಳು ನನ್ನ ಮಡಿಲಲ್ಲಿ ಸೇರಿಕೊಂಡವು.

'ಇರ್ಲಿ ಬಿಡೇ,' ಎಂದಳು. 'ಕಣ್ಣು ದೊಡ್ಡದು ಅಂತಲೇ ನನ್ನ ಆರಿಸಿದ್ದು ಅವ್ರು.'